ಟೂ ಸ್ಟ್ರೋಕಾ, ಫೋರ್ ಸ್ಟ್ರೋಕಾ? ಮೊದಲು ಇಳಿಜಾರು ನೋಡಿ

ಟ್ರೇಲ್ ರೈಡಿಂಗ್ ಶುರು ಮಾಡೋರು ನನ್ನನ್ನ ಕೇಳೋ ಮೊದಲ ಪ್ರಶ್ನೆ ಇದೇ: ಟೂ ಸ್ಟ್ರೋಕ್ ತಗೊಳ್ಳಲಾ, ಫೋರ್ ಸ್ಟ್ರೋಕ್ ತಗೊಳ್ಳಲಾ? ಬರೀ ಪವರ್ ನೋಡಿ ನಿರ್ಧರಿಸಬೇಡಿ ಅಂತೀನಿ ನಾನು. ಎರಡು ವಿಷಯ ಯೋಚಿಸಿ. ಗುಡ್ಡ ಹೇಗೆ ಇಳೀತೀರಿ? ಎಂಜಿನ್ ಬಿಚ್ಚೋರು ಯಾರು?

ಮೊದಲು ಎಂಜಿನ್ ಒಳಗೆ ಇಣುಕೋಣ. ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಒಂದು ಸಲ ಪೆಟ್ರೋಲ್ ಉರಿಯುತ್ತೆ. ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೆ ಒಂದು ಸಲ. ಹಾಗಾಗಿ ಅಷ್ಟೇ ಸಿಸಿಯ ಎಂಜಿನ್ ಆದ್ರೂ ಟೂ ಸ್ಟ್ರೋಕ್ ಜೋರು. ಆರ್‌ಎಕ್ಸ್ 100 ಓಡಿಸಿದ ಮಾವನನ್ನೋ ಚಿಕ್ಕಪ್ಪನನ್ನೋ ಕೇಳಿ, ಗೊತ್ತಾಗುತ್ತೆ. ಮೈಸೂರಲ್ಲಿ ತಯಾರಾಗ್ತಿದ್ದ ಹಳೇ ಜಾವಾ, ಯೆಜ್ಡಿಗಳೂ ಟೂ ಸ್ಟ್ರೋಕೇ.

ಕಲ್ಲು ತುಂಬಿದ ಕಡಿದಾದ ಏರಿನಲ್ಲಿ ಟೂ ಸ್ಟ್ರೋಕ್ ಮಜಾ ಕೊಡುತ್ತೆ. ಒಳಗೆ ತಿರುಗೋ ಭಾಗ ಕಡಿಮೆ, ಹಾಗಾಗಿ ಬೈಕ್ ಹಗುರ ಅನ್ಸುತ್ತೆ. ಆದ್ರೆ ಕೆಲವು ಬೈಕುಗಳಲ್ಲಿ ಪವರ್ ಒಮ್ಮೆಲೇ ನುಗ್ಗುತ್ತೆ. ಕೆಸರಲ್ಲಿ ಹಿಂದಿನ ಚಕ್ರ ಜಾರೋದು ಆಗಲೇ. ಫೋರ್ ಸ್ಟ್ರೋಕ್ ಸಾವಕಾಶವಾಗಿ ಎಳೆಯುತ್ತೆ, ಹೊಸಬರಿಗೆ ಧೈರ್ಯ ಕೊಡುತ್ತೆ.

ಈಗ ಇಳಿಜಾರು. ಫೋರ್ ಸ್ಟ್ರೋಕ್‌ನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಬೈಕನ್ನ ಹಿಡಿಯುತ್ತೆ. ಟೂ ಸ್ಟ್ರೋಕ್‌ನಲ್ಲಿ ಆ ಹಿಡಿತ ತುಂಬಾ ಕಮ್ಮಿ, ಪೂರ್ತಿ ಭಾರ ಬ್ರೇಕ್ ಮೇಲೆ. ಇನ್ನೊಂದು ಅಪಾಯ ಇದೆ. ಪೆಟ್ರೋಲ್‌ಗೆ ಆಯಿಲ್ ಬೆರೆಸೋ ಬೈಕಲ್ಲಿ, ಪಿಸ್ಟನ್‌ಗೆ ಆಯಿಲ್ ಬರೋದೇ ಪೆಟ್ರೋಲ್ ಜೊತೆ. ಗೇರಲ್ಲೇ, ಆಕ್ಸಿಲರೇಟರ್ ಮುಚ್ಚಿ ಉದ್ದಕ್ಕೆ ಇಳಿದರೆ ಎಂಜಿನ್ ಜೋರಾಗಿ ತಿರುಗ್ತಾನೇ ಇರುತ್ತೆ, ಆಯಿಲ್ ಮಾತ್ರ ಸಾಲಲ್ಲ. ಸೀಜ್ ಆಗಬಹುದು. ಅದಕ್ಕೇ ಇಳಿಯುವಾಗ ಆಗಾಗ ಕ್ಲಚ್ ಹಿಡಿದು ಸ್ವಲ್ಪ ಆಕ್ಸಿಲರೇಟರ್ ಕೊಡಬೇಕು.

ಖರ್ಚಿನ ಲೆಕ್ಕಕ್ಕೆ ಬರೋಣ. ಟೂ ಸ್ಟ್ರೋಕ್‌ಗೆ 50:1 ಅಳತೆ ಅಂತ ಇದ್ರೆ 5 ಲೀಟರ್ ಪೆಟ್ರೋಲ್‌ಗೆ 100 ಮಿಲಿ ಆಯಿಲ್. ಬೈಕಿನ ಮ್ಯಾನುಯಲ್ ಹೇಳಿದ ಅಳತೆಯೇ ಅಂತಿಮ. ಪಿಸ್ಟನ್, ರಿಂಗ್ ಬೇಗ ಸವೆಯುತ್ತೆ, ಆದ್ರೆ ಬದಲಿಸೋದು ಸುಲಭ. ಕೈಪಳಗಿದವರು ಮನೇಲೇ ಮಾಡ್ಕೋತಾರೆ. ರೇಸಿಗೆ ಅಂತ ಮಾಡಿದ ಫೋರ್ ಸ್ಟ್ರೋಕ್‌ನಲ್ಲಿ ವಾಲ್ವ್, ಕ್ಯಾಮ್, ಟೈಮಿಂಗ್ ಚೈನ್ ಎಲ್ಲಾ ಇರೋದರಿಂದ, ಒಮ್ಮೆ ಬಿಚ್ಚಿದರೆ ಬಿಲ್ ದೊಡ್ಡದು. ರಸ್ತೆಗೂ ಟ್ರೇಲ್‌ಗೂ ಆಗೋ ಫೋರ್ ಸ್ಟ್ರೋಕ್ ಬೈಕುಗಳಲ್ಲಿ ಈ ತಲೆನೋವು ಕಡಿಮೆ. ಹೀರೋ ಎಕ್ಸ್‌ಪಲ್ಸ್ 200 ಅಂಥದ್ದು. ಆದ್ರೆ ಅದು 150 ಕೆಜಿ ದಾಟುತ್ತೆ, ಬಿದ್ದಾಗ ಎತ್ತೋರು ನೀವೇ.

ಇನ್ನು ನಂಬರ್ ಪ್ಲೇಟ್ ವಿಷಯ. ನೋಂದಣಿ ಇಲ್ಲದ ಡರ್ಟ್ ಬೈಕನ್ನ ಊರ ರಸ್ತೆಗೂ ಇಳಿಸೋ ಹಾಗಿಲ್ಲ. ಪಿಕಪ್‌ನಲ್ಲಿ ಟ್ರ್ಯಾಕ್‌ಗೋ, ಮಾಲೀಕರು ಒಪ್ಪಿದ ಎಸ್ಟೇಟ್‌ಗೋ ಒಯ್ಯಬೇಕು. ನಂಬರ್ ಪ್ಲೇಟ್ ಇದ್ರೂ ಅಷ್ಟೇ, ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ನುಗ್ಗಿದರೆ ಕೇಸು ಬೀಳುತ್ತೆ.

ಹಾಗಾದ್ರೆ ಯಾವುದು? ಮನೆಯಿಂದಲೇ ಹೊರಟು, ಸಕಲೇಶಪುರದ ಕಡೆ ಮಣ್ಣುರಸ್ತೆ ಸುತ್ತಿ, ಅದರಲ್ಲೇ ವಾಪಸ್ ಬರೋರಾದ್ರೆ ನೋಂದಣಿ ಇರೋ ಫೋರ್ ಸ್ಟ್ರೋಕ್. ಪಿಕಪ್ ಇದೆ, ಸ್ಪ್ಯಾನರ್ ಹಿಡಿಯೋ ಆಸೆ ಇದೆ, ಕಡಿದಾದ ಏರು ಇಷ್ಟ ಅಂದ್ರೆ ಟೂ ಸ್ಟ್ರೋಕ್. ಇನ್ನೂ ಗೊಂದಲ ಇದ್ರೆ, ಎರಡನ್ನೂ ಒಂದೇ ಗುಡ್ಡದಿಂದ ಕೆಳಗೆ ಇಳಿಸಿ ನೋಡಿ. ದುಡ್ಡು ಕೊಡೋದು ಆಮೇಲೆ.