ಊರು ಬಿಡಿಸಿದವರು, ಊರು ಕಾಯ್ದವರು

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲು ಬೀರೂರು, ಕಡೂರು ದಾಟಿಯೇ ಹೋಗಬೇಕು. ಹರಿಹರದವರೆಗಿನ ಹಳಿ 1889ರಲ್ಲಿ ಮುಗಿದಾಗ ಈ ಸೀಮೆಯ ಅಡಿಕೆ, ಕೊಬ್ಬರಿ, ಕಾಳುಕಡ್ಡಿಗೆ ದೂರದ ಪೇಟೆಗಳ ದಾರಿ ತೆರೆಯಿತು. ಒಂಬತ್ತು ವರ್ಷ ಕಳೆಯುವುದರೊಳಗೆ ಅದೇ ಹಳಿ ಪ್ಲೇಗಿಗೂ ದಾರಿಯಾಯಿತು. 1896ರಲ್ಲಿ ಬೊಂಬಾಯಿಯಲ್ಲಿ ಕಾಣಿಸಿಕೊಂಡ ರೋಗ ಹುಬ್ಬಳ್ಳಿ ಕಡೆಗೆ ಹಬ್ಬಿ, 1898ರ ಆಗಸ್ಟ್‌ನಲ್ಲಿ ಬೆಂಗಳೂರು ಮುಟ್ಟಿತು. ಅಲ್ಲಿನ ಮೊದಲ ರೋಗಿ ಹುಬ್ಬಳ್ಳಿಯಿಂದ ಬಂದ, ರೈಲ್ವೆ ಅಧಿಕಾರಿಯೊಬ್ಬರ ಮನೆಯ ಆಳು ಎಂಬುದು ಆ ಕಾಲದ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುವ ಮಾತು. ಬೀರೂರಿನಿಂದ ಶಿವಮೊಗ್ಗಕ್ಕೆ ಕವಲೊಡೆದ ಹಳಿ ತರೀಕೆರೆಯ ಮೇಲೆ ಹಾದುಹೋದದ್ದು ಮರುವರ್ಷ, 1899ರಲ್ಲಿ. ಮೈಸೂರು ಸಂಸ್ಥಾನವೆಲ್ಲ ಪ್ಲೇಗಿನ ಭಯದಲ್ಲಿದ್ದಾಗ ತರೀಕೆರೆಗೆ ಹೊಸ ರೈಲು ಬಂತು. ಆ ಕಾಲದ ಜನರಿಗೆ ರೈಲು, ರೋಗ ಬೇರೆ ಬೇರೆಯಾಗಿ ಕಂಡಿರಲಾರವು.

ಆಗ ಈ ಸೀಮೆ ಹೆಸರಿಗೆ ಕಡೂರು ಜಿಲ್ಲೆ, ಕಚೇರಿ ಮಾತ್ರ ಚಿಕ್ಕಮಗಳೂರಿನಲ್ಲಿ. ಆರೋಗ್ಯಕ್ಕೆಂದೇ ಪ್ರತ್ಯೇಕ ಇಲಾಖೆ ಇರಲಿಲ್ಲ. ಬ್ರಿಟಿಷ್ ಇಂಡಿಯಾ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿಕೊಂಡಿತ್ತು. ನಾಲ್ಕೇ ಕಲಮುಗಳ ಆ ಕಾನೂನಿನಲ್ಲಿ ಸರ್ಕಾರಕ್ಕೆ ಅಧಿಕಾರ ಧಾರಾಳವಾಗಿತ್ತು, ಜನರ ಪಾಲಿಗೆ ಏನೂ ಇರಲಿಲ್ಲ. ಅದರ ಫಲ ಪುಣೆಯಲ್ಲಿ ಕಂಡಿತು. ಮನೆ ಹೊಕ್ಕು ಹುಡುಕಿಸುತ್ತಿದ್ದ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನನ್ನು 1897ರಲ್ಲಿ ಗುಂಡಿಟ್ಟು ಕೊಂದರು. ಇಷ್ಟಾದ ಮೇಲೂ ಮೈಸೂರು ಸಂಸ್ಥಾನ ಪ್ಲೇಗ್ ಕಮಿಷನರ್ ಹುದ್ದೆಗೆ ಆರಿಸಿದ್ದು ಪೊಲೀಸ್ ಇಲಾಖೆಯ ಮುಖ್ಯಸ್ಥರಾಗಿದ್ದ ವಿ.ಪಿ. ಮಾಧವರಾಯರನ್ನು. ಅವರು ದಕ್ಷರು, ಮುಂದೆ ದಿವಾನರೂ ಆದರು. ಆದರೆ ರೋಗವನ್ನು ಸರ್ಕಾರ ಹೇಗೆ ಕಂಡಿತು ಎಂಬುದಕ್ಕೆ ಆ ನೇಮಕವೊಂದೇ ಸಾಕು: ಹಿಡಿಯಬೇಕು, ತಡೆಯಬೇಕು, ಬೇರೆ ಇಡಬೇಕು. ರೈಲ್ವೆ ನಿಲ್ದಾಣಗಳಲ್ಲಿ ತಪಾಸಣೆ, ಊರಾಚೆ ಕ್ಯಾಂಪು, ಮನೆಗಳಿಗೆ ಔಷಧದ ನೀರು. 1898ರ ಕೊನೆಯಲ್ಲಿ ಶ್ರೀರಂಗಪಟ್ಟಣದ ಗಂಜಾಂ ಜನ ಈ ಕ್ರಮಗಳ ವಿರುದ್ಧ ದಂಗೆ ಎದ್ದರು. ಇಡೀ ದೇಶದಲ್ಲೂ ಎರಡು ಮೂರು ವರ್ಷದೊಳಗೆ ಸರ್ಕಾರಗಳು ಬಲವಂತವನ್ನು ಸಡಿಲಿಸಿ, ಊರ ಮುಖಂಡರನ್ನು ಕರೆದು ಕೂರಿಸಿ ಮಾತಾಡುವ ದಾರಿಗೆ ಬಂದವು. ದೊಡ್ಡ ಮನಸ್ಸಿನಿಂದ ಬಂದ ಬದಲಾವಣೆ ಇದಲ್ಲ. ಬೇರೆ ದಾರಿ ಉಳಿದಿರಲಿಲ್ಲ.

ಹಳ್ಳಿಗಳು ಅಷ್ಟರಲ್ಲಿ ತಮ್ಮದೇ ಕ್ರಮವೊಂದನ್ನು ಹಿಡಿದಿದ್ದವು. ಈ ಸೀಮೆಯ ಹಿರಿಯರ ಬಾಯಲ್ಲಿ ಅದಕ್ಕೆ ‘ಊರು ಬಿಡೋದು’ ಎಂದೇ ಹೆಸರು. ಅಟ್ಟದಿಂದಲೋ ಕಣಜದ ಬದಿಯಲ್ಲೋ ಇಲಿ ಬಿತ್ತು ಎಂದರೆ ಸುದ್ದಿ ಪಟೇಲರಿಗೆ ಹೋಗಬೇಕು, ಪಂಚರು ಸೇರಬೇಕು, ತಳವಾರ ಸಾರಬೇಕು. ಒಂದೆರಡು ದಿನದಲ್ಲಿ ಊರಿಗೆ ಊರೇ ಹೊಲದ ಕಡೆ ಹೊರಡಬೇಕು. ತೆಂಗಿನ ಗರಿ, ಜೋಳದ ದಂಟು, ಸೋಗೆ, ಕೈಗೆ ಸಿಕ್ಕಿದ್ದರಲ್ಲೇ ಗುಡಿಸಲು. ದನಕರು, ಒನಕೆ, ಒಲೆ ಎಲ್ಲವೂ ಅಲ್ಲಿಗೆ. ಊರೊಳಗೆ ಇಲಿ ಬೀಳುವುದು ನಿಂತು, ಮನೆಗಳನ್ನು ಸಾರಿಸಿ, ಪ್ಲೇಗಮ್ಮನಿಗೋ ಮಾರಮ್ಮನಿಗೋ ಪೂಜೆ ಮಾಡಿದ ಮೇಲೆ ಮತ್ತೆ ಒಳಗೆ. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಓದಿದವರಿಗೆ ಈ ಶೆಡ್ಡುಗಳ ಬದುಕು ಗೊತ್ತು. ಆ ಕಾದಂಬರಿಯ ಸೀಮೆ ಕಡೂರಿನಿಂದ ಬಹಳ ದೂರವೇನಿಲ್ಲ.

ಊರು ಬಿಡುವ ಈ ಕ್ರಮವನ್ನು ವಿಜ್ಞಾನ ಒಪ್ಪಿದ್ದು ತಡವಾಗಿ. ಇಲಿಯ ಮೈಮೇಲಿನ ಚಿಗಟ ರೋಗವನ್ನು ದಾಟಿಸುತ್ತದೆ ಎಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋಂ 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟರೂ ವೈದ್ಯಲೋಕ ನಂಬಲು ಹತ್ತಿರ ಹತ್ತಿರ ಹತ್ತು ವರ್ಷ ಹಿಡಿಯಿತು. ಇಲಿ ಸತ್ತರೆ ಚಿಗಟ ಮನುಷ್ಯನನ್ನು ಹುಡುಕುತ್ತದೆ, ಮನುಷ್ಯ ಅಲ್ಲಿಲ್ಲದಿದ್ದರೆ ರೋಗದ ಸರಪಳಿ ಕಡಿಯುತ್ತದೆ. ಪ್ಲೇಗ್ ತಡೆಗೆ ಬಂದ ಹಾಫ್‌ಕಿನ್ ಲಸಿಕೆಗಿಂತ ಊರು ಬಿಡುವುದೇ ಹಳ್ಳಿಗರಿಗೆ ಹೆಚ್ಚು ನಂಬಿಕೆಯ ಮಾತಾಗಿತ್ತು ಎಂದರೆ ಅದನ್ನು ಮೂಢತನ ಎನ್ನಲಾಗದು.

ಈ ಕ್ರಮವನ್ನು ಹೊಗಳಿ ಕೈತೊಳೆದುಕೊಳ್ಳುವ ಹಾಗೂ ಇಲ್ಲ. ಹೊಲ ಇದ್ದವನು ಹೊಲದಲ್ಲಿ ಗುಡಿಸಲು ಹಾಕಿದ. ಹೊಲ ಇಲ್ಲದವನು ಯಾರದೋ ಅಪ್ಪಣೆ ಕೇಳಬೇಕಿತ್ತು. ಎಲ್ಲಿಗೆ ಹೋಗಬೇಕು, ಯಾವ ಬಾವಿಯ ನೀರು ಎಂಬುದನ್ನು ತೀರ್ಮಾನಿಸಿದ ಪಂಚಾಯ್ತಿಯಲ್ಲಿ ಹೆಂಗಸರಿಗೆ, ಕೇರಿಯವರಿಗೆ ಮಾತಿರಲಿಲ್ಲ. ಸರ್ಕಾರದ ಆಜ್ಞೆ ಹೋಗಿ ಊರಿನ ತೀರ್ಮಾನ ಬಂದಿತ್ತು, ಅಷ್ಟೆ. ಅದು ಎಲ್ಲರ ತೀರ್ಮಾನವಾಗಲು ಇನ್ನೂ ಬಹಳ ಕಾಲ ಬೇಕಿತ್ತು.

1920ರ ದಶಕದ ಕೊನೆಯಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಸಂಸ್ಥಾನದಲ್ಲಿ ಸಾರ್ವಜನಿಕ ಆರೋಗ್ಯದ ಕೆಲಸ ಗಟ್ಟಿಯಾಯಿತು, ಮಲೇರಿಯಾದ ಅಧ್ಯಯನ ನಡೆಯಿತು. ತರೀಕೆರೆಯ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟಿನ ಕೆಲಸ ಶುರುವಾದ 1947ರ ಹೊತ್ತಿಗೆ ಮಲೆನಾಡಿನ ಅಂಚಿನಲ್ಲಿ ಚಳಿಜ್ವರವೆಂದರೆ ಮನೆಮಾತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ಕಾರ್ಯಕ್ರಮ ಬಂದು ಡಿಡಿಟಿ ಸಿಂಪಡಿಸುವವರು ಮನೆಮನೆಗೆ ಬಂದರು. ಅಲ್ಲಿಯೂ ಬಾಗಿಲು ತೆರೆಸುವುದಕ್ಕೆ ಊರಿನವರೊಬ್ಬರು ಮುಂದೆ ನಡೆಯಲೇಬೇಕಿತ್ತು.

ಒಂದೇ ಇಲಾಖೆಯಿಂದ ಆಗದು ಎಂಬುದನ್ನು ನಿಜವಾಗಿ ಕಲಿಸಿದ್ದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಮೊದಲು ಹಳದಿ ಜ್ವರದ ಶಂಕೆ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಮತ್ತು ಮೈಸೂರು ರಾಜ್ಯದ ವೈದ್ಯರು ಕೂಡಿ ಇದು ಉಣುಗಿನಿಂದ ಹರಡುವ ಹೊಸ ವೈರಸ್ ಎಂದು ಗುರುತಿಸಿದರು. ಮುಂದೆ ಅದು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿಗೂ ಬಂತು. ಈ ರೋಗದಲ್ಲಿ ಎಚ್ಚರಿಕೆಯ ಮೊದಲ ಗಂಟೆ ಆಸ್ಪತ್ರೆಯಲ್ಲಿ ಬಾರಿಸುವುದಿಲ್ಲ. ಸತ್ತ ಮಂಗವನ್ನು ಕಾಣುವವರು ಸೌದೆಗೆ, ದರಗಿಗೆ ಹೋದವರು, ಇಲ್ಲವೇ ಅರಣ್ಯ ಇಲಾಖೆಯ ವಾಚರ್. ಮರಣೋತ್ತರ ಪರೀಕ್ಷೆ ಪಶುವೈದ್ಯರದು, ರಕ್ತಪರೀಕ್ಷೆ ಶಿವಮೊಗ್ಗದ ಪ್ರಯೋಗಾಲಯದ್ದು, ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆಯನ್ನು ಮನೆಗೆ ತರುವುದು ಆಶಾ ಕಾರ್ಯಕರ್ತೆ. ನಡುವೆ ಒಬ್ಬರು ಸುಮ್ಮನಾದರೂ ಸುದ್ದಿ ವೈದ್ಯರಿಗೆ ಮುಟ್ಟುವ ಮೊದಲು ಜ್ವರ ಮನುಷ್ಯನಿಗೆ ಬಂದಿರುತ್ತದೆ.

ಸಚಿವ ಅಬ್ದುಲ್ ನಜೀರ್ ಸಾಬರ ಕಾಲದ ಪಂಚಾಯತ್ ಸುಧಾರಣೆಯಿಂದ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದವು, ಪ್ರಾಥಮಿಕ ಆರೋಗ್ಯ ಕೇಂದ್ರಗಳು ಅವುಗಳ ಅಡಿಗೆ ಸೇರಿದವು. ಪಟೇಲರ ಜಾಗಕ್ಕೆ ಚುನಾಯಿತ ಸದಸ್ಯರು ಬಂದರು, ಅವರಲ್ಲಿ ಮೀಸಲಾತಿಯಿಂದ ಬಂದ ಹೆಂಗಸರೂ ಕೇರಿಯವರೂ ಇದ್ದರು. ನನ್ನ ಮಟ್ಟಿಗೆ ಲಸಿಕೆಗಳಷ್ಟೇ ದೊಡ್ಡ ಆರೋಗ್ಯ ಸುಧಾರಣೆ ಇದು.

ಅದರ ಪರೀಕ್ಷೆ ನಡೆದದ್ದು 2020ರಲ್ಲಿ. ರಾಜ್ಯದಲ್ಲಿ ಕೋವಿಡ್ ಮಾರ್ಚ್‌ನಲ್ಲೇ ಕಾಣಿಸಿಕೊಂಡರೂ ಚಿಕ್ಕಮಗಳೂರು ಜಿಲ್ಲೆಯಲ್ಲಿ ಮೇ ಮೂರನೆಯ ವಾರದವರೆಗೆ ಪ್ರಕರಣ ವರದಿಯಾಗಿರಲಿಲ್ಲ. ಅಷ್ಟರೊಳಗೆ ಗ್ರಾಮ ಪಂಚಾಯಿತಿಗೊಂದು ಟಾಸ್ಕ್‌ಫೋರ್ಸ್ ಆಗಿತ್ತು: ಪಂಚಾಯಿತಿ ಅಧ್ಯಕ್ಷರು, ಪಿಡಿಒ, ಆಶಾ, ಅಂಗನವಾಡಿ ಕಾರ್ಯಕರ್ತೆ. ಬೆಂಗಳೂರಿನಿಂದ, ಮುಂಬೈಯಿಂದ ಬಂದವರನ್ನು ಹಾಸ್ಟೆಲ್ಲುಗಳಲ್ಲಿ ಇರಿಸಿದರು. 1898ರಂತೆ ಜನ ಊರಾಚೆ ಹೋಗಲಿಲ್ಲ, ಹೊರಗಿನಿಂದ ಬಂದವರೇ ಊರಾಚೆ ಉಳಿದರು. 2021ರ ಎರಡನೆಯ ಅಲೆಯಲ್ಲಿ ‘ವೈದ್ಯರ ನಡೆ ಹಳ್ಳಿ ಕಡೆ’ ಎಂಬ ಕಾರ್ಯಕ್ರಮ ಹೊರಟಿತು. ವೈದ್ಯರನ್ನು ಹಳ್ಳಿಗೆ ಕಳಿಸಲು ಮುಂದಾದದ್ದು ಕಂದಾಯ ಇಲಾಖೆ ಎಂಬುದು ಗಮನಿಸಬೇಕಾದ ಮಾತು. ಸಂಕಟದಲ್ಲಿ ಯಾರ ಕೆಲಸ ಯಾರದು ಎಂಬ ಗೋಡೆ ತಾನಾಗಿ ಬೀಳುತ್ತದೆ. ಸಂಕಟ ಮುಗಿದ ಮೇಲೆ ಅಷ್ಟೇ ಬೇಗ ಎದ್ದು ನಿಲ್ಲುತ್ತದೆ.

ತಹಶೀಲ್ದಾರರು ಕೇಳಬೇಕಾದದ್ದು ಜಿಲ್ಲಾಧಿಕಾರಿಯ ಮಾತು, ತಾಲ್ಲೂಕು ಆರೋಗ್ಯಾಧಿಕಾರಿ ಕೇಳಬೇಕಾದದ್ದು ಜಿಲ್ಲಾ ಆರೋಗ್ಯಾಧಿಕಾರಿಯ ಮಾತು, ಅರಣ್ಯದವರ ದಾರಿಯೇ ಬೇರೆ. ತರೀಕೆರೆಯಿಂದ ಬೇರೆಯಾಗಿ ಹೊಸ ತಾಲ್ಲೂಕಾದ ಅಜ್ಜಂಪುರದಂಥ ಕಡೆ ಈ ತೊಡಕು ಇನ್ನೂ ಹೆಚ್ಚು. ಹೊಸ ತಾಲ್ಲೂಕಿಗೆ ತಹಶೀಲ್ದಾರ್ ಬೋರ್ಡು ಮೊದಲು ಬರುತ್ತದೆ, ಉಳಿದ ಇಲಾಖೆಗಳು ಒಂದೊಂದಾಗಿ ಹಿಂದಿನಿಂದ. ಎತ್ತಿನ ಗಾಡಿ ಕಟ್ಟಿಕೊಂಡು ಅಂತರಘಟ್ಟೆ ದುರ್ಗಾಂಬೆಯ ಜಾತ್ರೆಗೆ ಕಡೂರು, ಬೀರೂರು, ತರೀಕೆರೆಯಿಂದ ಹೊರಡುವ ಜನಕ್ಕೆ ತಾಲ್ಲೂಕಿನ ಗಡಿ ಗೊತ್ತಿಲ್ಲ. ರೋಗಕ್ಕೂ ಗೊತ್ತಿಲ್ಲ.

ಮಳೆಗೂ ಜಾತ್ರೆಗೂ ಮೊದಲು ಈ ಇಲಾಖೆಗಳು ಕೂಡಿ ಕೂರಲು ಹೊಸ ಸಮಿತಿಯೇನೂ ಬೇಕಿಲ್ಲ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಕಾಗದದ ಮೇಲೆ ಇದೆ, ಅದಕ್ಕೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತನಿಧಿಯೂ ಇದೆ. ಅದನ್ನು ನಡೆಸಬೇಕಾದ ಆಶಾ ಕಾರ್ಯಕರ್ತೆಯರು ರಾಜ್ಯದಲ್ಲಿ ಸುಮಾರು 42,000 ಮಂದಿ. ಕೋವಿಡ್ ನಡುವೆಯೇ, 2020ರ ಜುಲೈನಲ್ಲಿ, ಅವರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಕೆಲಸ ನಿಲ್ಲಿಸಬೇಕಾಯಿತು. ಮುಂದಿನ ಗ್ರಾಮಸಭೆಗೆ ಹೋದಾಗ ಎರಡು ಪ್ರಶ್ನೆ ಕೇಳಿ: ಈ ಸಮಿತಿ ಕಡೆಯ ಬಾರಿ ಸೇರಿದ್ದು ಯಾವಾಗ, ಅದರಲ್ಲಿ ಪಶುವೈದ್ಯರು, ಅರಣ್ಯದವರು ಇದ್ದರೇ? ಉತ್ತರ ಬರುವವರೆಗೆ ಕೂತಿರಿ.