‘ನಿಮ್ಮ ದಾಖಲೆ ನಮ್ಮಲ್ಲಿಲ್ಲ’: ಬ್ರಿಟನ್ನಿನ ಸಾಲವಿಮೆ ಮತ್ತು ಕಾಣೆಯಾದ ಕಡತಗಳು

ಸಾಲದ ಕಾಗದಪತ್ರಗಳ ನಡುವೆ ವಿಮೆಯ ಅರ್ಜಿಯನ್ನೂ ಇಟ್ಟು ಸಹಿ ಹಾಕಿಸಿಕೊಳ್ಳುವ ಪದ್ಧತಿ ನಮ್ಮ ಕಡೆ ಮನೆಸಾಲ ಮಾಡಿದವರಿಗೆ ಹೊಸದೇನಲ್ಲ. ಬ್ರಿಟನ್ನಿನಲ್ಲಿ ಅದೇ ಒಂದು ಭಾರಿ ವ್ಯಾಪಾರವಾಗಿ ಬೆಳೆಯಿತು. ಪೇಮೆಂಟ್ ಪ್ರೊಟೆಕ್ಷನ್ ಇನ್ಶೂರೆನ್ಸ್ ಎಂಬುದು ಅದರ ಹೆಸರು, ಜನರ ಬಾಯಲ್ಲಿ ಪಿಪಿಐ. ಕಾಯಿಲೆ ಬಿದ್ದರೆ, ಅಪಘಾತವಾದರೆ, ಕೆಲಸ ಹೋದರೆ ನಿಮ್ಮ ಸಾಲದ ಕಂತನ್ನು ವಿಮಾ ಕಂಪನಿ ಕಟ್ಟುತ್ತದೆ ಎಂಬ ಭರವಸೆಯ ಮೇಲೆ ಸುಮಾರು 6.4 ಕೋಟಿ ಪಾಲಿಸಿಗಳು ಮಾರಾಟವಾದವು. ಅವುಗಳಲ್ಲಿ ಹೆಚ್ಚಿನವು 1990ರಿಂದ 2010ರ ನಡುವಿನವು.

ಭರವಸೆಯಲ್ಲಿ ತಪ್ಪಿರಲಿಲ್ಲ, ಮಾರಿದ ರೀತಿಯಲ್ಲಿತ್ತು. ನಿವೃತ್ತರಿಗೆ, ಸ್ವಂತ ಉದ್ಯೋಗದವರಿಗೆ, ಮೊದಲೇ ಕಾಯಿಲೆ ಇದ್ದವರಿಗೆ, ಅಂದರೆ ಕ್ಲೇಮ್ ಮಾಡಿದರೂ ಹಣ ಹುಟ್ಟುವುದು ಅನುಮಾನವಾಗಿದ್ದವರಿಗೆ ಪಾಲಿಸಿ ಅಂಟಿಸಿದರು. ‘ಇದನ್ನು ತೆಗೆದುಕೊಳ್ಳದಿದ್ದರೆ ಸಾಲ ಮಂಜೂರಾಗುವುದು ಕಷ್ಟ’ ಎಂದು ಕೌಂಟರಿನಲ್ಲೇ ಹೇಳಿದರು. ಅರ್ಜಿಯ ಚೌಕದಲ್ಲಿ ಮೊದಲೇ ಟಿಕ್ ಬಿದ್ದಿದ್ದರಿಂದ ತಮಗೊಂದು ವಿಮೆ ಇದೆಯೆಂಬುದೇ ತಿಳಿಯದವರೂ ಇದ್ದರು. ಇವುಗಳಲ್ಲಿ ಸಿಂಗಲ್ ಪ್ರೀಮಿಯಂ ಎಂಬ ಬಗೆ ಎಲ್ಲಕ್ಕಿಂತ ಕೆಟ್ಟದ್ದು. ಐದು ವರ್ಷದ ವಿಮೆಯ ಪೂರ್ತಿ ಹಣವನ್ನು ಮೊದಲ ದಿನವೇ ಸಾಲಕ್ಕೆ ಸೇರಿಸಿ, ಆ ಹಣದ ಮೇಲೂ ಬಡ್ಡಿ ವಸೂಲು ಮಾಡುವ ಉಪಾಯ ಅದು. ಅಲ್ಲಿನ ಕಾಂಪಿಟಿಷನ್ ಕಮಿಷನ್ 2009ರ ವರದಿಯಲ್ಲಿ ಒಂದು ಲೆಕ್ಕ ಕೊಟ್ಟಿತು: ಪಿಪಿಐ ಪ್ರೀಮಿಯಂನ ಪ್ರತಿ 100 ಪೌಂಡ್‌ನಲ್ಲಿ ಕ್ಲೇಮ್ ರೂಪದಲ್ಲಿ ಜನರಿಗೆ ಮರಳಿದ್ದು ಬರೀ 14 ಪೌಂಡ್. ಕಾರಿನ ವಿಮೆಯಲ್ಲಿ ಅದು 78.

ಸಿಟಿಜನ್ಸ್ ಅಡ್ವೈಸ್ ಎಂಬ ಜನಸೇವಾ ಸಂಸ್ಥೆ 2005ರಲ್ಲಿ ಸರ್ಕಾರಿ ಮೇಲ್ವಿಚಾರಕರಿಗೆ ದೂರು ಕೊಟ್ಟಿತು. ಬ್ಯಾಂಕುಗಳು ಹೈಕೋರ್ಟಿನವರೆಗೂ ಜಗ್ಗಾಡಿ 2011ರ ಏಪ್ರಿಲ್‌ನಲ್ಲಿ ಸೋತವು. ಆಮೇಲೆ ಹಣ ಹರಿಯತೊಡಗಿತು. ಒಟ್ಟು ಮರಳಿದ್ದು 3,800 ಕೋಟಿ ಪೌಂಡ್‌ಗೂ ಹೆಚ್ಚು. ಬ್ಯಾಂಕಿಗೆ ದೂರು ಕೊಡುವ ಬಾಗಿಲು 2019ರ ಆಗಸ್ಟ್ 29ರಂದು ಮುಚ್ಚಿತು. ಕೋರ್ಟಿನ ಬಾಗಿಲಿನ ವಿಚಾರ ಕೊನೆಯಲ್ಲಿದೆ. ದಾಖಲೆ ಹುಡುಕುವ ಕೆಲಸ ಮಾತ್ರ ಎರಡೂ ಕಡೆ ಒಂದೇ.

ಪತ್ರ ಬಂತು, ಮುಂದೇನು?

ದೂರು ಬರೆದವರಲ್ಲಿ ಎಷ್ಟೋ ಮಂದಿಗೆ ಬಂದ ಉತ್ತರ ಎರಡೇ ಸಾಲಿನದು. ‘ನೀವು ಹೇಳಿದ ವಿವರಗಳಿಗೆ ಹೊಂದುವ ಯಾವ ಪಾಲಿಸಿಯೂ ನಮ್ಮ ದಾಖಲೆಗಳಲ್ಲಿ ಕಾಣುತ್ತಿಲ್ಲ. ಆದ್ದರಿಂದ ದೂರನ್ನು ಮುಕ್ತಾಯಗೊಳಿಸಿದ್ದೇವೆ.’ ಇದನ್ನು ಓದಿ ಕೈಚೆಲ್ಲಿದವರು ಬಹಳ. ಖಾತೆ ಮುಚ್ಚಿ ಸುಮಾರು ಆರು ವರ್ಷವಾದ ಮೇಲೆ ಕಡತ ತೆಗೆದುಹಾಕುವುದು ಅಲ್ಲಿನ ಬ್ಯಾಂಕುಗಳ ವಾಡಿಕೆ. ಅಗತ್ಯಕ್ಕಿಂತ ಹೆಚ್ಚು ಕಾಲ ಜನರ ಮಾಹಿತಿ ಇಟ್ಟುಕೊಳ್ಳಬಾರದೆಂದು ಕಾನೂನೂ ಹೇಳುತ್ತದೆ. 1996ರಲ್ಲಿ ತೆಗೆದು 2001ರಲ್ಲಿ ತೀರಿಸಿದ ಸಾಲದ ಕಡತ 2015ರಲ್ಲಿ ಸಿಗದಿದ್ದರೆ ಅದರಲ್ಲಿ ಅಕ್ರಮವೇನೂ ಇಲ್ಲ. ಆದರೆ ಮಾರಿದವನ ಮರೆವಿಗೆ ಕೊಂಡವನು ದಂಡ ತೆರಬೇಕೆಂದು ಎಲ್ಲೂ ಬರೆದಿಲ್ಲ.

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಮಾಡಿ ನೋಡಬೇಕು. ನಿಮಗೆ ಪಾಲಿಸಿ ಇತ್ತೇ ಎಂಬುದು ಒಂದು. ಅದನ್ನು ತಪ್ಪಾಗಿ ಮಾರಿದರೇ ಎಂಬುದು ಇನ್ನೊಂದು. ಜನ ಎರಡನೆಯದರ ಬಗ್ಗೆ ಪುಟಗಟ್ಟಲೆ ಬರೆದು ಮೊದಲನೆಯದನ್ನು ಹಾಗೇ ಬಿಡುತ್ತಿದ್ದರು. ವಾಸ್ತವದಲ್ಲಿ ಎರಡನೆಯದು ಸುಲಭ. ದೂರುದಾರರ ಬಾಯಿಮಾತೂ ಸಾಕ್ಷ್ಯವಾಗಬಲ್ಲದು, ಕಾಗದದ ಬೆಂಬಲವಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ ಎಂದು ಮೇಲ್ವಿಚಾರಣಾ ನಿಯಮಗಳೇ ಹೇಳಿದ್ದವು. ಸಹಿ ಇದೆ ಎಂಬ ಕಾರಣವೂ ಸಾಲದು. ಗ್ರಾಹಕ ಹೇಳಿದ್ದು ಅರೆಬರೆಯಾಗಿದ್ದರೆ ಬ್ಯಾಂಕೇ ಅವರನ್ನು ಸಂಪರ್ಕಿಸಿ ವಿವರ ಕೇಳಬೇಕಿತ್ತು. ಕಷ್ಟವಿದ್ದದ್ದು ಮೊದಲ ಪ್ರಶ್ನೆಯಲ್ಲಿ. ಪಾಲಿಸಿ ಇತ್ತು ಎನ್ನಲು ಏನಾದರೊಂದು ಎಳೆ ಬೇಕು.

ಎಳೆ ಎಲ್ಲಿರುತ್ತದೆ?

ಮೊದಲು ನೋಡಬೇಕಾದದ್ದು ಸರಿಯಾದ ಮನೆಯ ಬಾಗಿಲು ತಟ್ಟಿದ್ದೇವೆಯೇ ಎಂಬುದನ್ನು. ಬ್ರಿಟನ್ನಿನ ಬ್ಯಾಂಕುಗಳು ಆ ದಶಕಗಳಲ್ಲಿ ಒಂದನ್ನೊಂದು ನುಂಗುತ್ತಲೇ ಇದ್ದವು. ಮಿಡ್‌ಲ್ಯಾಂಡ್ ಬ್ಯಾಂಕ್ ಎಚ್‌ಎಸ್‌ಬಿಸಿ ಆಯಿತು. ಅಬೇ ನ್ಯಾಷನಲ್, ಅಲಯನ್ಸ್ ಆ್ಯಂಡ್ ಲೆಸ್ಟರ್ ಎರಡೂ ಸ್ಯಾಂಟಂಡರ್ ಆದವು. ಹ್ಯಾಲಿಫ್ಯಾಕ್ಸ್ ಮತ್ತು ಬ್ಯಾಂಕ್ ಆಫ್ ಸ್ಕಾಟ್‌ಲೆಂಡ್ 2001ರಲ್ಲಿ ಒಂದಾಗಿ, 2009ರಲ್ಲಿ ಲಾಯ್ಡ್ಸ್ ಒಡಲು ಸೇರಿದವು. ಎಂಬಿಎನ್‌ಎ ಕಾರ್ಡುಗಳು 2017ರಲ್ಲಿ ಅಲ್ಲಿಗೇ ಹೋದವು. ಅಂಗಡಿಯ ಹೆಸರಿನ ಕಾರ್ಡಿನ ಹಿಂದೆ ಸಾಲ ಕೊಟ್ಟವರು ಇನ್ಯಾರೋ ಆಗಿರುತ್ತಿದ್ದರು. ಕಂಪನಿ ಮುಳುಗಿಯೇ ಹೋಗಿದ್ದರೆ ಪರಿಹಾರ ನಿಧಿಯೊಂದಿತ್ತು. ವೆಲ್‌ಕಮ್ ಫೈನಾನ್ಸ್‌ನ ಗ್ರಾಹಕರು ಕದ ತಟ್ಟಿದ್ದು ಆ ನಿಧಿಯದು.

ಎರಡನೆಯದಾಗಿ, ಬ್ಯಾಂಕು ಹುಡುಕಿದ್ದು ಯಾವ ಹೆಸರಿನಲ್ಲಿ? ಯಾವ ವಿಳಾಸದಲ್ಲಿ? ಮದುವೆಗೆ ಮುಂಚಿನ ಹೆಸರಿನಲ್ಲಿದ್ದ ಸಾಲ ಮದುವೆಯ ನಂತರದ ಹೆಸರಿನಲ್ಲಿ ಸಿಗದು. ಬಾಡಿಗೆ ಮನೆ ಬದಲಿಸುತ್ತಾ ಹೋದವರು ಹಳೆಯ ವಿಳಾಸಗಳನ್ನೆಲ್ಲ ಪಟ್ಟಿ ಮಾಡಿ ಕೊಡಬೇಕು. ಆ ಕಾಲದಲ್ಲಿ ಅಲ್ಲಿ ದುಡಿದ ನಮ್ಮ ಡಾಕ್ಟರು, ನರ್ಸು, ಎಂಜಿನಿಯರುಗಳು ಇಲ್ಲಿ ಇನ್ನೂ ಜಾಗ್ರತೆಯಾಗಿರಬೇಕು. ನಮ್ಮ ಇನಿಷಿಯಲ್ ಬಿಡಿಸಿ ಬರೆಯುವಾಗ ಅಪ್ಪನ ಹೆಸರು ಒಂದು ಕಡೆ ಸರ್‌ನೇಮ್ ಆಗಿ, ಊರ ಹೆಸರು ಇನ್ನೊಂದು ಕಡೆ ಸರ್‌ನೇಮ್ ಆಗಿ ಕೂತಿರಬಹುದು. ಎಲ್ಲ ರೂಪಗಳನ್ನೂ ಬರೆದು ಮತ್ತೆ ಹುಡುಕಿ ಎನ್ನಬೇಕು.

ಹೀಗೆ ಕೇಳುವುದಕ್ಕೆ ಕಾನೂನಿನ ಹಿಡಿ ಇದೆ. ಒಬ್ಬರ ಬಗ್ಗೆ ಸಂಸ್ಥೆಯೊಂದು ಇಟ್ಟುಕೊಂಡಿರುವ ಎಲ್ಲ ಮಾಹಿತಿಯನ್ನೂ ಕೇಳಿ ಪಡೆಯುವ ಅರ್ಜಿಗೆ ಅಲ್ಲಿ ಸಬ್ಜೆಕ್ಟ್ ಆ್ಯಕ್ಸೆಸ್ ರಿಕ್ವೆಸ್ಟ್ ಎನ್ನುತ್ತಾರೆ. ಮೊದಲು 10 ಪೌಂಡ್ ಶುಲ್ಕವಿತ್ತು. 2018ರ ಮೇ 25ರಿಂದ ಉಚಿತ, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ದೂರು ವಿಭಾಗದ ಗುಮಾಸ್ತ ಒಂದು ಕಂಪ್ಯೂಟರ್ ಪರದೆ ನೋಡಿ ‘ಇಲ್ಲ’ ಎನ್ನುವುದಕ್ಕೂ, ಈ ಅರ್ಜಿಗೆ ಬದ್ಧವಾಗಿ ಉತ್ತರಿಸುವುದಕ್ಕೂ ವ್ಯತ್ಯಾಸವಿದೆ. ಹಳೆಯ ಸಿಸ್ಟಂಗಳು, ಮೈಕ್ರೋಫಿಲ್ಮ್, ಫೋನ್ ಕರೆಯ ಟಿಪ್ಪಣಿ ಎಲ್ಲವನ್ನೂ ಹೆಸರಿಸಿ ಕೇಳುವುದು ಒಳ್ಳೆಯದು.

ಇಷ್ಟಾದರೂ ಸಿಗದಿದ್ದರೆ ಬ್ಯಾಂಕನ್ನು ಬಿಟ್ಟು ಬೇರೆಡೆ ನೋಡಬೇಕು. ಸಾಲ ಕೊಟ್ಟದ್ದು ಒಂದು ಬ್ಯಾಂಕು, ಕಂತು ಕಡಿತವಾದದ್ದು ಇನ್ನೊಂದರ ಖಾತೆಯಿಂದ ಎಂಬುದು ಎಷ್ಟೋ ಜನರ ಕಥೆ. ಆ ಇನ್ನೊಂದು ಖಾತೆ ಇವತ್ತಿಗೂ ತೆರೆದಿದ್ದರೆ ಅಲ್ಲಿ ಹಳೆಯ ಸ್ಟೇಟ್‌ಮೆಂಟ್ ಸಿಗಬಹುದು. ಸ್ಟೇಟ್‌ಮೆಂಟಿನಲ್ಲಿ ಪಿಪಿಐ ಎಂದೇ ಬರೆದಿರುತ್ತದೆ ಎಂದು ಕಾಯಬಾರದು. ‘ಪೇಮೆಂಟ್ ಕವರ್’, ‘ಲೋನ್ ಪ್ರೊಟೆಕ್ಷನ್’, ‘ಎಎಸ್‌ಯು’ (ಅಪಘಾತ, ಕಾಯಿಲೆ, ನಿರುದ್ಯೋಗ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು) ಹೀಗೆ ವೇಷ ಹಲವು. ಕಾರ್ಡಿನಲ್ಲಾದರೆ ಪ್ರತಿ ತಿಂಗಳು ಬಾಕಿಯ 100 ಪೌಂಡ್‌ಗೆ 70–80 ಪೆನ್ಸ್‌ನಂತೆ ಏರಿಳಿಯುವ ಸಣ್ಣ ಮೊತ್ತವೊಂದು ಕಾಣುತ್ತದೆ. ಕ್ರೆಡಿಟ್ ರಿಪೋರ್ಟಿನಲ್ಲಿ ವಿಮೆಯ ಸುದ್ದಿ ಇರುವುದಿಲ್ಲ. ಆದರೆ ಸಾಲ ಯಾರದು, ಖಾತೆ ಸಂಖ್ಯೆ ಏನು ಎಂಬುದು ಮುಚ್ಚಿದ ಆರು ವರ್ಷದವರೆಗೂ ಇರುತ್ತದೆ.

ನನಗೆ ಎಲ್ಲಕ್ಕಿಂತ ಚೆಂದ ಕಂಡದ್ದು ಲೆಕ್ಕದ ದಾರಿ. ಸಾಲದ ಪತ್ರ ಕಳೆದಿದೆ, ಆದರೆ ಎಷ್ಟು ಹಣ ಕೈಗೆ ಬಂತು, ಎಷ್ಟು ವರ್ಷ, ಬಡ್ಡಿ ಎಷ್ಟು ಎಂಬುದು ಗೊತ್ತು, ತಿಂಗಳ ಕಂತು ಸ್ಟೇಟ್‌ಮೆಂಟಿನಲ್ಲಿದೆ ಎಂದುಕೊಳ್ಳಿ. 5,000 ಪೌಂಡ್ ಸಾಲ, ಐದು ವರ್ಷ, ವಾರ್ಷಿಕ ಬಡ್ಡಿ ಎಲ್ಲ ಸೇರಿ ಶೇ. 10. ಕಂತು ಸುಮಾರು 105 ಪೌಂಡ್ ಆಗಬೇಕು. ಖಾತೆಯಿಂದ ಪ್ರತಿ ತಿಂಗಳು ಹೋದದ್ದು 130 ಪೌಂಡ್ ಎಂದಾದರೆ ಉಳಿದ 25 ಎಲ್ಲಿಗೆ ಹೋಯಿತು? ಹಿಂದಕ್ಕೆ ಲೆಕ್ಕ ಹಾಕಿದರೆ ಮೊದಲ ದಿನವೇ ಸುಮಾರು 1,190 ಪೌಂಡ್ ಪ್ರೀಮಿಯಂ ಸಾಲದೊಳಗೆ ಸೇರಿದೆ. ಬಡ್ಡಿ ಕೂಡಿ ಐದು ವರ್ಷಕ್ಕೆ ಅದು 1,500 ಪೌಂಡ್. ಇದು ನೂರಕ್ಕೆ ನೂರು ಪುರಾವೆಯಲ್ಲ, ಆದರೆ ಬ್ಯಾಂಕು ಉತ್ತರಿಸಲೇಬೇಕಾದ ಪ್ರಶ್ನೆ. ಕಡತ ಸುಟ್ಟರೂ ಚಕ್ರಬಡ್ಡಿಯ ಸೂತ್ರ ಸುಡುವುದಿಲ್ಲ.

ತಕ್ಕಡಿ ಹಿಡಿದವರು

ಬ್ಯಾಂಕಿಗೆ ಉತ್ತರಿಸಲು ಎಂಟು ವಾರ. ‘ಇಲ್ಲ’ ಎಂಬ ಅಂತಿಮ ಉತ್ತರ ಬಂದರೆ ಆರು ತಿಂಗಳೊಳಗೆ ಫೈನಾನ್ಷಿಯಲ್ ಒಂಬುಡ್ಸ್‌ಮನ್ ಬಳಿ ಹೋಗಬಹುದಿತ್ತು. ಗ್ರಾಹಕರಿಗೆ ಅಲ್ಲಿ ಒಂದು ಪೆನ್ನಿಯ ಖರ್ಚೂ ಇಲ್ಲ. ಎರಡೂ ಕಡೆ ಕಾಗದ ಇಲ್ಲದಾಗ ಒಂಬುಡ್ಸ್‌ಮನ್ ನೋಡುತ್ತಿದ್ದದ್ದು ಯಾವುದು ನಡೆದಿರುವ ಸಂಭವ ಹೆಚ್ಚು ಎಂಬುದನ್ನು. ಅದೇ ಬ್ಯಾಂಕು ಅದೇ ವರ್ಷಗಳಲ್ಲಿ ಬೇರೆಯವರಿಗೆ ಹೇಗೆ ಮಾರುತ್ತಿತ್ತು, ದೂರುದಾರರ ಮಾತು ಮೊದಲಿನಿಂದ ಕೊನೆವರೆಗೆ ಒಂದೇ ತೆರನಾಗಿದೆಯೇ, ಆಗ ಅವರ ಉದ್ಯೋಗ, ಆರೋಗ್ಯ ಹೇಗಿತ್ತು ಎಂಬುದೆಲ್ಲ ತೂಕಕ್ಕೆ ಬರುತ್ತಿತ್ತು. ಆಗ ನಾನು ಸ್ವಂತ ಅಂಗಡಿ ನಡೆಸುತ್ತಿದ್ದೆ ಎಂಬುದಕ್ಕೆ ಹಳೆಯ ತೆರಿಗೆ ಕಾಗದ ತೋರಿಸಿದರೆ ಆ ಒಂದು ಹಾಳೆ ಹತ್ತು ಪುಟದ ಗೋಳಿಗಿಂತ ಹೆಚ್ಚು ತೂಗುತ್ತಿತ್ತು. ನೆನಪಿಲ್ಲದ್ದನ್ನು ನೆನಪಿದೆ ಎಂದು ಬರೆದವರು ಮಾತ್ರ ಅಲ್ಲೇ ಸಿಕ್ಕಿಬೀಳುತ್ತಿದ್ದರು.

ಗೆದ್ದರೆ ಕಟ್ಟಿದ ಪ್ರೀಮಿಯಂ, ಅದರ ಮೇಲೆ ಬ್ಯಾಂಕು ಹಾಕಿದ್ದ ಬಡ್ಡಿ, ಇವೆರಡರ ಮೇಲೆ ವರ್ಷಕ್ಕೆ ಶೇ. 8ರ ಸರಳ ಬಡ್ಡಿ. ಇಷ್ಟು ಸರಳ ದಾರಿ ಇರುವಾಗಲೂ ಲಕ್ಷಾಂತರ ಜನ ಮಧ್ಯವರ್ತಿ ಕಂಪನಿಗಳ ಬಲೆಗೆ ಬಿದ್ದದ್ದು ಇಡೀ ಪ್ರಕರಣದ ಎರಡನೆಯ ಮೋಸ ಎನ್ನುವೆ. ಶೇ. 25 ಶುಲ್ಕ, ಮೇಲೆ ವ್ಯಾಟ್ ಸೇರಿದರೆ ಶೇ. 30. 3,000 ಪೌಂಡ್ ಬಂದರೆ 900 ಅವರ ಜೇಬಿಗೆ. 2018ರ ಜುಲೈನಲ್ಲಿ ಕಾನೂನು ಇದಕ್ಕೆ ಶೇ. 20ರ ಮಿತಿ ಹಾಕಿತು. ಆ ಹೊತ್ತಿಗೆ ಬಹುಪಾಲು ಹಣ ಹಂಚಿಹೋಗಿತ್ತು.

ಈಗ ಉಳಿದಿರುವುದು ಕೋರ್ಟು. 2014ರ ನವೆಂಬರ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಪ್ಲೆವಿನ್ ಪ್ರಕರಣದಲ್ಲಿ ಹೊಸ ದಾರಿ ತೆರೆದಿತ್ತು. ಕಾಲೇಜಿನ ಅಧ್ಯಾಪಕಿಯೊಬ್ಬರು 34,000 ಪೌಂಡ್ ಸಾಲದ ಜೊತೆ 5,780 ಪೌಂಡ್ ಪ್ರೀಮಿಯಂ ಕಟ್ಟಿದ್ದರು. ಸಾಲ ಹತ್ತು ವರ್ಷದ್ದು, ವಿಮೆ ಐದು ವರ್ಷದ್ದು, ಪ್ರೀಮಿಯಂನಲ್ಲಿ ಶೇ. 71.8 ಬರೀ ಕಮಿಷನ್. ಇಷ್ಟು ಕಮಿಷನ್ ಮುಚ್ಚಿಟ್ಟದ್ದೇ ಅನ್ಯಾಯ ಎಂದಿತು ಕೋರ್ಟು. ಎಗ್ ಎಂಬ ಬ್ಯಾಂಕಿನಿಂದ 2006ರಲ್ಲಿ ಸಾಲ ಪಡೆದ ಇನ್ನೊಬ್ಬ ಮಹಿಳೆಯ ಪ್ರೀಮಿಯಂನಲ್ಲಿ ಕಮಿಷನ್ ಶೇ. 95ಕ್ಕೂ ಹೆಚ್ಚು. ಅವರು ದಾವೆ ಹೂಡಿದ್ದು 2018ರಲ್ಲಿ. ಆರು ವರ್ಷದ ಕಾಲಮಿತಿ ಮೀರಿದೆ ಎಂದು ಆ ಸಾಲಕ್ಕೆ ಹೊಣೆಯಾದ ಕೆನಡಾ ಸ್ಕ್ವೇರ್ ಕಂಪನಿ ವಾದಿಸಿತು. 2023ರ ನವೆಂಬರ್ 15ರಂದು ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ. ಬೇಕೆಂದೇ ಮುಚ್ಚಿಟ್ಟ ಸಂಗತಿ ಗ್ರಾಹಕರಿಗೆ ತಿಳಿಯುವವರೆಗೆ, ಅಥವಾ ಅವರು ತಿಳಿದುಕೊಳ್ಳಬಹುದಾಗಿದ್ದ ದಿನದವರೆಗೆ, ಕಾಲಮಿತಿ ಶುರುವಾಗುವುದಿಲ್ಲ ಎಂದಿತು.

ಹಾಗೆಂದು ಈಗ ಎಲ್ಲರೂ ಕೋರ್ಟಿಗೆ ಓಡಬೇಕೆಂದಲ್ಲ. ಕಮಿಷನ್ ವಿಷಯ ತಿಳಿದು ಆರು ವರ್ಷ ಕಳೆದಿದ್ದರೆ ಆ ದಾರಿಯೂ ಮುಚ್ಚಿರುತ್ತದೆ, ಗೆದ್ದರೂ ವಕೀಲರ ಖರ್ಚಿನ ಲೆಕ್ಕ ಬೇರೆ. ಬ್ರಿಟನ್ನಿನಲ್ಲಿ ಆ ಕಾಲದಲ್ಲಿ ಸಾಲ ಮಾಡಿದ್ದ ಬಂಧುಗಳು ನಿಮಗಿದ್ದರೆ ಅವರು ಮೊದಲು ಉಚಿತ ಸಲಹೆಗೆ ಸಿಟಿಜನ್ಸ್ ಅಡ್ವೈಸ್ ಬಳಿ ಹೋಗಲಿ, ಸಬ್ಜೆಕ್ಟ್ ಆ್ಯಕ್ಸೆಸ್ ಅರ್ಜಿಯನ್ನು ತಾವೇ ಬರೆಯಲಿ. ‘ನಿಮ್ಮ ಪಿಪಿಐ ಹಣ ಕಾದಿದೆ, ಮೊದಲು ಶುಲ್ಕ ಕಟ್ಟಿ’ ಎಂದು ಫೋನ್ ಮಾಡುವವರಿಗೆ ಮಾತ್ರ ಒಂದು ಪೈಸೆಯನ್ನೂ ಕೊಡುವುದು ಬೇಡ.