ಚಲನೆ ಮತ್ತು ಅವಧಾನ: ಶಿಕ್ಷಣದ ಇತಿಹಾಸದಿಂದ ಕೆಲವು ನಿದರ್ಶನಗಳು

ವಿದ್ಯಾರ್ಥಿಯು ಅಲುಗಾಡದೆ ಕುಳಿತಿದ್ದರೆ ಮಾತ್ರ ಅವನ ಮನಸ್ಸು ಪಾಠದಲ್ಲಿ ನೆಲೆಗೊಂಡಿರುತ್ತದೆಂಬುದು ನಮ್ಮ ಪಾಠಶಾಲೆಗಳಲ್ಲಿ ಬಹುಕಾಲದಿಂದ ಬೇರೂರಿರುವ ನಂಬಿಕೆ. ದೇಹದ ಚಲನೆಗೆ ಆಟದ ಬಯಲೂ ಡ್ರಿಲ್ ಪೀರಿಯಡ್ಡೂ ಮೀಸಲು. ಮನಸ್ಸಿನ ಕೆಲಸಕ್ಕೆ ಬೆಂಚು ಮೀಸಲು. ಈಚೆಗೆ ಯೋಗವೆಂದೂ ಮೈಂಡ್‌ಫುಲ್‌ನೆಸ್ ಎಂದೂ ಶಾಲೆಗಳನ್ನು ಪ್ರವೇಶಿಸಿರುವ ಅಭ್ಯಾಸಗಳು ಅನೇಕ ಕಡೆ ಈ ವಿಭಜನೆಯನ್ನೇ ಒಪ್ಪಿಕೊಂಡಿವೆ. ಯೋಗವು ಬಯಲಿಗೆ ಹೋಯಿತು, ಅವಧಾನವು ಕಣ್ಣುಮುಚ್ಚಿ ಕೂರುವ ಪಾಠವಾಯಿತು. ಚಲನೆಯೇ ಅವಧಾನಕ್ಕೆ ಆಧಾರವಾಗಬಲ್ಲುದೆಂಬ ಬೇರೊಂದು ತಿಳಿವಳಿಕೆ ಇತಿಹಾಸದಲ್ಲಿ ಉಂಟು. ಅದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಪದದ ಮಾತು. ಪಾಳಿಯ 'ಸತಿ' ಎಂಬ ಶಬ್ದಕ್ಕೆ ಮೈಂಡ್‌ಫುಲ್‌ನೆಸ್ ಎಂಬ ಇಂಗ್ಲಿಷ್ ಪದವನ್ನು ರೂಢಿಗೆ ತಂದವರು ಟಿ. ಡಬ್ಲ್ಯೂ. ರೈಸ್ ಡೇವಿಡ್ಸರು, 1881ರ ಅವರ ಸುತ್ತಾನುವಾದಗಳಲ್ಲಿ ಆ ಪ್ರಯೋಗವು ಕಾಣುತ್ತದೆ. ಸಂಸ್ಕೃತದ 'ಸ್ಮೃತಿ'ಯೇ ಪಾಳಿಯ 'ಸತಿ'. ಕನ್ನಡದಲ್ಲಿ ಇದಕ್ಕೆ ಹೊಸ ಪದವನ್ನು ಟಂಕಿಸುವುದಕ್ಕಿಂತ 'ಅವಧಾನ'ವೇ ಸಾಕೆಂದು ನನಗೆ ತೋರುತ್ತದೆ. ಅಷ್ಟಾವಧಾನ ಶತಾವಧಾನಗಳನ್ನು ಕಂಡ ನಾಡಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೌದ್ಧರ ಅಭ್ಯಾಸದಲ್ಲಿ ಸತಿಯು ಕುಳಿತವನ ಸೊತ್ತು ಮಾತ್ರವಾಗಿರಲಿಲ್ಲ. ನಡೆಯುವಾಗ, ನಿಂತಾಗ, ಕುಳಿತಾಗ, ಮಲಗಿದಾಗ, ಈ ನಾಲ್ಕು ಭಂಗಿಗಳಲ್ಲಿಯೂ ಅದನ್ನು ಸಾಧಿಸಬೇಕೆಂದು ಸತಿಪಟ್ಠಾನ ಸುತ್ತವು ವಿಧಿಸುತ್ತದೆ. ಅಳತೆಯ ಹಾದಿಯಲ್ಲಿ ಅತ್ತಿಂದಿತ್ತ ನಡೆಯುವ ಅಭ್ಯಾಸಕ್ಕೆ 'ಚಂಕಮ'ವೆಂದು ಹೆಸರು. ಅಂಗುತ್ತರ ನಿಕಾಯದಲ್ಲಿ ಚಂಕಮದ ಐದು ಫಲಗಳನ್ನು ಎಣಿಸಿದೆ: ಪ್ರಯಾಣವನ್ನು ತಾಳುವ ಶಕ್ತಿ, ಸಾಧನೆಯಲ್ಲಿ ದೃಢತೆ, ಆರೋಗ್ಯ, ಉಂಡದ್ದು ಜೀರ್ಣವಾಗುವುದು, ಕಡೆಯದಾಗಿ, ನಡೆಯುತ್ತ ಪಡೆದ ಏಕಾಗ್ರತೆಯು ಬಹುಕಾಲ ನಿಲ್ಲುವುದು. ಜೀರ್ಣಶಕ್ತಿಯೂ ಸಮಾಧಿಯೂ ಒಂದೇ ಪಟ್ಟಿಯಲ್ಲಿ ನೆಲೆಗೊಂಡಿರುವುದು ಗಮನಾರ್ಹ. ದೇಹವನ್ನೂ ಮನಸ್ಸನ್ನೂ ಬೇರೆ ಬೇರೆ ಇಲಾಖೆಗಳಿಗೆ ಒಪ್ಪಿಸುವ ಅಭ್ಯಾಸ ಆ ಪಟ್ಟಿಯನ್ನು ಮಾಡಿದವರಿಗೆ ಇರಲಿಲ್ಲ. ಬೋಧಗಯೆಯ ಮಹಾಬೋಧಿ ದೇವಾಲಯದ ಪಕ್ಕದಲ್ಲಿ ಬುದ್ಧನು ಅಡ್ಡಾಡಿದನೆನ್ನಲಾದ ಚಂಕಮದ ಜಗಲಿಯನ್ನು ಇಂದಿಗೂ ತೋರಿಸುತ್ತಾರೆ.

ಇದು ಭಿಕ್ಷುಗಳ ಮಾತಾಯಿತು. ಮಕ್ಕಳ ಶಿಕ್ಷಣದಲ್ಲಿ ಇಂತಹ ಪ್ರಯತ್ನವು ಇಪ್ಪತ್ತನೆಯ ಶತಮಾನದಲ್ಲಿ ನಮ್ಮ ಮೈಸೂರಿನಲ್ಲಿಯೇ ನಡೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ತೆರೆದರು. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಜನಿಸಿದ ಈ ವಿದ್ವಾಂಸರ ಬಳಿ ಕಲಿತವರಲ್ಲಿ ಹೆಚ್ಚಿನವರು ಬಾಲಕರು. ಮುಂದೆ ಜಗತ್ಪ್ರಸಿದ್ಧರಾದ ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರ್ಯರೂ ಕೌಶಿಕದ ಪಟ್ಟಾಭಿ ಜೋಯಿಸರೂ ಅವರ ಶಿಷ್ಯರು. ಆಚಾರ್ಯರು ತಮ್ಮ ಕ್ರಮವನ್ನು 1934ರ 'ಯೋಗಮಕರಂದ'ದಲ್ಲಿಯೂ 1941ರ 'ಯೋಗಾಸನಗಳು' ಎಂಬ ಗ್ರಂಥದಲ್ಲಿಯೂ ಕನ್ನಡದಲ್ಲಿಯೇ ಬರೆದರು. ಇಂದು ವಿಶ್ವವ್ಯಾಪಿಯಾಗಿರುವ ಒಂದು ವಿದ್ಯೆಯ ಮೂಲಗ್ರಂಥಗಳು ನಮ್ಮ ಭಾಷೆಯಲ್ಲಿವೆಯೆಂಬುದನ್ನು ನಾವೇ ಮರೆತಿದ್ದೇವೆ.

ಈ ಗ್ರಂಥಗಳಲ್ಲಿ ಲಕ್ಷ್ಯವಿಡಬೇಕಾದುದು 'ವಿನ್ಯಾಸ'ದ ವ್ಯವಸ್ಥೆ. ಆಸನವೊಂದನ್ನು ಪ್ರವೇಶಿಸುವ ಮತ್ತು ಅದರಿಂದ ಹೊರಬರುವ ಚಲನೆಗಳನ್ನು ಎಣಿಕೆಯ ಹೆಜ್ಜೆಗಳಾಗಿ ವಿಂಗಡಿಸಿ, ಪ್ರತಿಯೊಂದು ಹೆಜ್ಜೆಗೂ ಪೂರಕವನ್ನೋ ರೇಚಕವನ್ನೋ ಗೊತ್ತುಪಡಿಸಲಾಗಿದೆ. ಕೈ ಎತ್ತಿದಾಗ ಉಸಿರು ಒಳಗೆ, ಬಾಗಿದಾಗ ಉಸಿರು ಹೊರಗೆ ಎಂಬ ಕ್ರಮ. ಹೀಗೆ ಮಾಡುವ ಬಾಲಕನಿಗೆ ದೇಹದ ನಿಲುವು, ಉಸಿರಿನ ಗತಿ, ಎಣಿಕೆ, ಈ ಮೂರನ್ನೂ ಒಟ್ಟಿಗೆ ಹಿಡಿದಿರಬೇಕಾಗುತ್ತದೆ. 'ಮನಸ್ಸನ್ನು ನಿಲ್ಲಿಸು' ಎಂಬ ಆಜ್ಞೆಯನ್ನು ಹನ್ನೆರಡು ವರ್ಷದ ಹುಡುಗನು ಪಾಲಿಸಲಾರ. ಅವನಿಗೆ ಮಾಡಲು ಇಷ್ಟೊಂದು ಕೆಲಸ ಕೊಟ್ಟರೆ ಮನಸ್ಸು ಅಲೆಯುವುದಕ್ಕೆ ಎಡೆಯೇ ಕಡಮೆಯಾಗುತ್ತದೆ. ಇದರ ದೈಹಿಕ ಕಾರಣವೂ ಈಗ ತಿಳಿದಿದೆ. ಉಸಿರೆಳೆದುಕೊಂಡಾಗ ಹೃದಯದ ಬಡಿತವು ತುಸು ತ್ವರಿತವಾಗುತ್ತದೆ, ಬಿಟ್ಟಾಗ ವೇಗಸ್ ನರದ ಪ್ರಭಾವದಿಂದ ನಿಧಾನವಾಗುತ್ತದೆ. ಆದುದರಿಂದಲೇ ದೀರ್ಘವಾದ ರೇಚಕವು ಉದ್ವೇಗವನ್ನು ಇಳಿಸುವುದು.

ಯೋಗಶಾಲೆಯ ಕ್ರಮವೆಲ್ಲವೂ ಪುರಾತನವೆಂದು ಭಾವಿಸುವುದು ಇತಿಹಾಸಕ್ಕೆ ಸಲ್ಲದು. ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನ 'ಶ್ರೀತತ್ತ್ವನಿಧಿ'ಯಲ್ಲಿ 122 ಆಸನಗಳ ಚಿತ್ರಗಳಿರುವುದನ್ನು ನಾರ್ಮನ್ ಸ್ಯೋಮನ್ನರು 1996ರಲ್ಲಿ ಪ್ರಕಟಿಸಿ, ಅರಮನೆಯ ಗರಡಿಯ ವ್ಯಾಯಾಮಕ್ಕೂ ಇದಕ್ಕೂ ಇರುವ ನಂಟನ್ನು ಸೂಚಿಸಿದರು. ಆ ಕಾಲದ ಐರೋಪ್ಯ ವ್ಯಾಯಾಮಕ್ರಮಗಳ ಛಾಯೆಯನ್ನು ಮಾರ್ಕ್ ಸಿಂಗಲ್ಟನ್ನರು 2010ರಲ್ಲಿ ಚರ್ಚಿಸಿದರು. ಈ ವಾದಗಳಿಗೆ ವಿರೋಧವೂ ಉಂಟು. ಮಿಶ್ರಣವಾಗಿದ್ದರೆ ಅದರಿಂದ ವಿದ್ಯೆಯ ಬೆಲೆ ತಗ್ಗುವುದೆಂದು ನನಗನ್ನಿಸುವುದಿಲ್ಲ. ಇದಕ್ಕಿಂತ ಗಂಭೀರವಾದ ಮಾತು ಬೇರೆಯಿದೆ. ಆಚಾರ್ಯರ ಶಿಸ್ತು ಅತಿ ಕಠೋರವಾಗಿದ್ದಿತೆಂದು ಅಯ್ಯಂಗಾರ್ಯರೇ ಹೇಳಿದ್ದಾರೆ. ಬಾಲ್ಯದಲ್ಲಿ ಕ್ಷಯಾದಿ ರೋಗಗಳಿಂದ ಕೃಶರಾಗಿದ್ದ ಅವರಿಗೆ ಯೋಗವು ಆರೋಗ್ಯವನ್ನು ಕೊಟ್ಟಿತು. ಗುರುವಿನ ಭಯವನ್ನೂ ಕೊಟ್ಟಿತು. ಭಯದಿಂದ ಹುಟ್ಟಿದ ಏಕಾಗ್ರತೆಯು ಭಾವಸ್ವಾಸ್ಥ್ಯಕ್ಕೆ ನೆರವಾಗುವುದೆಂದು ಹೇಳಲಾಗದು.

ಆ ಭಯವಿಲ್ಲದೆ ಇದೇ ಗುರಿಯನ್ನು ಅರಸಿದ ಇನ್ನೊಬ್ಬರು ಮಾರಿಯಾ ಮಾಂಟೆಸ್ಸೊರಿ. 1907ರ ಜನವರಿಯಲ್ಲಿ ರೋಮಿನ ಸಾನ್ ಲೊರೆಂಜೊ ಬಡಾವಣೆಯಲ್ಲಿ ತಮ್ಮ ಮೊದಲ ಶಿಶುಗೃಹವನ್ನು ತೆರೆದ ಈ ವೈದ್ಯೆ, 1939ರಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಮದರಾಸಿಗೆ ಬಂದರು. ಮರುವರ್ಷ ಇಟಲಿಯು ಯುದ್ಧಕ್ಕಿಳಿದುದರಿಂದ ಶತ್ರುದೇಶದ ಪ್ರಜೆಯಾಗಿ ಇಲ್ಲಿಯೇ ಉಳಿಯಬೇಕಾಗಿ ಬಂದು, 1946ರವರೆಗೆ ಅಡ್ಯಾರ್ ಕೊಡೈಕನಾಲ್ ಮೊದಲಾದೆಡೆಗಳಲ್ಲಿದ್ದು ಅನೇಕ ಭಾರತೀಯ ಉಪಾಧ್ಯಾಯರಿಗೆ ತರಬೇತಿಯಿತ್ತರು. ಅವರ ಎರಡು ಅಭ್ಯಾಸಗಳು ಇಲ್ಲಿ ಪ್ರಸ್ತುತ. ಒಂದು, ಗೆರೆಯ ಮೇಲಿನ ನಡಿಗೆ. ನೆಲದ ಮೇಲೆ ದೀರ್ಘವೃತ್ತವನ್ನು ಬರೆದು, ಒಂದು ಪಾದದ ಹಿಮ್ಮಡಿಯು ಇನ್ನೊಂದರ ಬೆರಳಿಗೆ ತಗಲುವಂತೆ ಮಗುವು ನಡೆಯಬೇಕು. ರೂಢಿಯಾದ ಮೇಲೆ ತುಂಬಿದ ನೀರಿನ ಲೋಟವನ್ನು ತುಳುಕದಂತೆಯೂ, ಗಂಟೆಯನ್ನು ಸದ್ದಾಗದಂತೆಯೂ ಹಿಡಿದು ನಡೆಯಬೇಕು. ತಪ್ಪಾದರೆ ಗಂಟೆಯೇ ಹೇಳುತ್ತದೆ, ಉಪಾಧ್ಯಾಯರು ಗದರಬೇಕಾಗಿಲ್ಲ. ಇನ್ನೊಂದು, ಮೌನದ ಆಟ. ಮಕ್ಕಳೆಲ್ಲ ಕೈಕಾಲುಗಳನ್ನು ಸ್ತಬ್ಧಗೊಳಿಸಿ, ಗಡಿಯಾರದ ಟಿಕ್ ಟಿಕ್ ಕೇಳುವಷ್ಟು ನಿಶ್ಶಬ್ದರಾದ ಮೇಲೆ ಉಪಾಧ್ಯಾಯಿನಿಯು ಪಕ್ಕದ ಕೋಣೆಯಿಂದ ಪಿಸುದನಿಯಲ್ಲಿ ಒಬ್ಬೊಬ್ಬರ ಹೆಸರನ್ನೇ ಕರೆಯುತ್ತಾರೆ. ಹೆಸರು ಕೇಳಿದ ಮಗು ಸದ್ದಿಲ್ಲದೆ ಎದ್ದು ಹೋಗುತ್ತದೆ. ಇಲ್ಲಿ ಮೌನವೆಂದರೆ ಚಲನೆಯ ನಿಷೇಧವಲ್ಲ, ಚಲನೆಯ ಮೇಲಣ ಪ್ರಭುತ್ವ.

ಆಧುನಿಕ ಪರೀಕ್ಷೆಗಳು ಇದನ್ನು ಎಷ್ಟರಮಟ್ಟಿಗೆ ಸಮರ್ಥಿಸುತ್ತವೆ? ಅಮೆರಿಕೆಯ ಇಲಿನಾಯ್ ವಿಶ್ವವಿದ್ಯಾಲಯದ ಹಿಲ್‌ಮನ್ ಮತ್ತು ಸಹೋದ್ಯೋಗಿಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 20 ನಿಮಿಷ ನಡೆದ ಬಳಿಕ ಮಕ್ಕಳು ಅವಧಾನದ ಪರೀಕ್ಷೆಯಲ್ಲಿ ಕುಳಿತಿದ್ದ ದಿನಕ್ಕಿಂತ ಹೆಚ್ಚು ನಿಖರವಾಗಿ ಉತ್ತರಿಸಿದರು. ಮಕ್ಕಳ ಸಂಖ್ಯೆ ಕೇವಲ 20. ಇದರಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು. ಇಂಗ್ಲೆಂಡಿನ ನೇತೃತ್ವದಲ್ಲಿ ನಡೆದು 2022ರಲ್ಲಿ ಪ್ರಕಟವಾದ 'ಮಿರಿಯಡ್' ಪರೀಕ್ಷೆಯು ಇದಕ್ಕಿಂತ ಬಹಳ ವಿಸ್ತಾರವಾದದ್ದು. 80ಕ್ಕೂ ಹೆಚ್ಚು ಶಾಲೆಗಳ 8,000ಕ್ಕೂ ಮೀರಿದ ಹದಿಹರೆಯದವರನ್ನು ಒಳಗೊಂಡಿದ್ದ ಅದರಲ್ಲಿ, ಉಪಾಧ್ಯಾಯರು ಹತ್ತು ಪಾಠಗಳಲ್ಲಿ ಬೋಧಿಸಿದ ಮೈಂಡ್‌ಫುಲ್‌ನೆಸ್ ಶಿಕ್ಷಣವು ಮಕ್ಕಳ ಮಾನಸಿಕ ಆರೋಗ್ಯದಲ್ಲಿ ಎಂದಿನ ಕ್ರಮಕ್ಕಿಂತ ಹೆಚ್ಚಿನ ಪ್ರಯೋಜನವನ್ನು ತೋರಲಿಲ್ಲ. ಪಾಠದ ಹೊರಗೆ ಮಕ್ಕಳು ಅಭ್ಯಾಸವನ್ನು ನಡೆಸಿದುದು ಅತ್ಯಲ್ಪ.

ಈ ಫಲಿತಾಂಶವನ್ನು ಅವಧಾನದ ಸೋಲೆಂದು ಕೆಲವರು ಕರೆದರು. ಅದು ಆತುರದ ಮಾತು. ಮೈಸೂರಿನಲ್ಲಾಗಲಿ ಅಡ್ಯಾರಿನಲ್ಲಾಗಲಿ ಅವಧಾನವನ್ನು ವಿಷಯವಾಗಿ ಬೋಧಿಸಲಿಲ್ಲ, ಕೈಕಾಲುಗಳಿಂದ ನಿತ್ಯವೂ ಮಾಡಿಸಿದರು. ಹತ್ತು ಪಾಠ ಕೇಳಿ ಈಜು ಕಲಿತವರಿಲ್ಲ. ಆದರೆ ಮಿರಿಯಡ್‌ನ ಇನ್ನೊಂದು ಅಂಶವನ್ನು ನಮ್ಮ ಶಾಲಾಧಿಕಾರಿಗಳು ಅವಶ್ಯವಾಗಿ ಗಮನಿಸಬೇಕು. ಆಗಲೇ ಮಾನಸಿಕ ಕ್ಲೇಶದಲ್ಲಿದ್ದ ಮಕ್ಕಳಿಗೆ ಈ ಶಿಕ್ಷಣವು ಒಗ್ಗದಿರಬಹುದೆಂಬ ಸುಳಿವು ಅದರಲ್ಲಿದೆ. ದುಗುಡದಲ್ಲಿರುವ ಹುಡುಗನಿಗೆ ಕಣ್ಣುಮುಚ್ಚಿ ತನ್ನೊಳಗೆ ನೋಡಿಕೊಳ್ಳೆಂದರೆ ಅವನಿಗೆ ಕಾಣುವುದು ಆ ದುಗುಡವೇ. ಅಂತಹವನಿಗೆ ಗೆರೆಯ ಮೇಲಿನ ನಡಿಗೆಯೋ ಎಣಿಕೆಯ ವಿನ್ಯಾಸವೋ ಮೇಲೆಂದು ನನ್ನ ಅಭಿಪ್ರಾಯ. ಅದಕ್ಕೆ ಬೇಕಾದ ಸಲಕರಣೆಯೂ ಅಲ್ಪ: ಶಾಲೆಯ ಜಗಲಿ, ಸೀಮೆಸುಣ್ಣದ ಒಂದು ಗೆರೆ, ಒಂದು ಲೋಟ ನೀರು. ಬಲವಂತವು ಮಾತ್ರ ಕೂಡದು. ಮೌನದ ಆಟವು ಎಲ್ಲ ಮಕ್ಕಳ ಒಪ್ಪಿಗೆಯಿಂದಲ್ಲದೆ ಸಾಗುವುದಿಲ್ಲ. ಕೋಣೆಯಲ್ಲಿ ಒಂದು ಮಗುವಿಗೆ ಬೇಡವಾದರೂ ಅಲ್ಲಿ ಮೌನವಿರುವುದಿಲ್ಲ.